ಎರಡು ಸೀಟಿನ ಕಾರಿಗೊಂದು ಅಗ್ಗದ ಸೈಲೆನ್ಸರ್

ಮೊನ್ನೆ ಮೋಡಕಾ ಸಾಮಾನು, ಅಂದರೆ ಗುಜರಿ, ಕೊಳ್ಳುವವನು ನಮ್ಮ ಹಿತ್ತಲಿಗೆ ಬಂದವನೇ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದ ಉದ್ದನೆಯ ಕಬ್ಬಿಣದ ಡಬ್ಬಿಯೊಂದನ್ನು ಕಾಲಿನಿಂದ ಉರುಳಿಸಿ ನೋಡಿದ. ಅದರ ಒಂದು ತುದಿಯಿಂದ ಅರ್ಧ ಬೊಗಸೆ ತುಕ್ಕು ಉದುರಿತು. ಇನ್ನೊಂದು ತುದಿಯಿಂದ ಹಲ್ಲಿಯೊಂದು ಹೊರಬಂದು, ಯಾರು ಬಾಗಿಲು ಬಡಿದದ್ದು ಎಂಬಂತೆ ನಮ್ಮಿಬ್ಬರನ್ನೂ ನೋಡಿತು.

"ಇದರಾಗ ಏನೂ ಉಳದಿಲ್ರೀ ಅಕ್ಕಾರ, ಬರೇ ತುಕ್ಕು. ಹೊತ್ಕೊಂಡು ಹೋದ್ರ ನನಗ ಲುಕ್ಸಾನು" ಎಂದ.

ನಾನು ವಾದಿಸಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬಲಾರರು. ಶಾಲೆಯಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳ ಕಪ್ಪು ಹೊತ್ತು ತಂದವಳು ನಾನು. ಅವುಗಳಲ್ಲಿ ಒಂದರಿಂದ ಅವ್ವ ಅಕ್ಕಿ ಅಳೆಯುತ್ತಾಳೆ, ಇನ್ನೊಂದರಲ್ಲಿ ಹುಣಸೆಹಣ್ಣು ಇಟ್ಟಿದ್ದಾಳೆ. ಟಿವಿಯಿಂದ ಸಂಸಾರಗಳು ಹಾಳಾದವು ಎಂದು ಬೆಳಿಗ್ಗೆ ಸಾಧಿಸಿ, ಟಿವಿಯಿಂದಲೇ ಉಳಿದವು ಎಂದು ಮಧ್ಯಾಹ್ನ ಸಾಧಿಸಿ, ಎರಡಕ್ಕೂ ಬಹುಮಾನ ತೆಗೆದುಕೊಂಡಿದ್ದೇನೆ. ದೇವರನ್ನು ನಂಬುವುದಿಲ್ಲ, ಆದರೆ ಎದುರಿಗೆ ಬೇರೆ ನಾಸ್ತಿಕ ಕೂತರೆ ದೇವರ ಪರವಾಗಿ ವಕಾಲತ್ತು ಹಾಕುವಷ್ಟು ಚಟ. ಅಂಥವಳು ಒಬ್ಬ ಮೋಡಕಾದವನ ಎದುರು ಬಾಯಿ ಮುಚ್ಚಿದ್ದು ಯಾಕೆಂದರೆ, ಆ ಡಬ್ಬಿಯ ಬದಲಿಗೆ ಯಾವುದು ಬರಬೇಕು ಎಂಬ ವಿಷಯದಲ್ಲಿ ನಾನು ಈಗಾಗಲೇ ಒಮ್ಮೆ ವಾದ ಮಾಡಿ ಗೆದ್ದಿದ್ದೇನೆ. ಆ ಗೆಲುವಿನ ರುಚಿ ಇನ್ನೂ ಬಾಯಿಂದ ಹೋಗಿಲ್ಲ.

ಅದು ಅಪ್ಪನ ಕಾರಿನ ಹಳೆಯ ಸೈಲೆನ್ಸರ್. ತಿಳಿದವರು ಮಫ್ಲರ್ ಎನ್ನುತ್ತಾರಂತೆ. ಸವಣೂರಿನಲ್ಲಿ ಮಫ್ಲರ್ ಎಂದರೆ ಚಳಿಗಾಲದಲ್ಲಿ ಮುದುಕರು ಕಿವಿಗೆ ಸುತ್ತಿಕೊಳ್ಳುವುದು, ಅಷ್ಟೇ.

ಕಾರಿನ ಕಥೆ ಮೊದಲು ಹೇಳಬೇಕು. ಅಪ್ಪ ವಕೀಲ. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಈ ನಾಲ್ಕೂ ಕಡೆಯ ಕೋರ್ಟುಗಳಲ್ಲಿ ಅವನ ಕರಿಕೋಟು ಗೊತ್ತಿಲ್ಲದವರಿಲ್ಲ. ನಾನು ಹುಟ್ಟುವ ಮೊದಲು, ನಮ್ಮೂರಿನ ಹಳೆಯ ಹವೇಲಿಯವರೊಬ್ಬರ ಆಸ್ತಿ ದಾವೆಯನ್ನು ಅಪ್ಪ ವರ್ಷಗಟ್ಟಲೆ ನಡೆಸಿ ಗೆದ್ದುಕೊಟ್ಟನಂತೆ. ಗೆದ್ದ ಮೇಲೆ ನೋಡಿದರೆ ಅವರ ಬಳಿ ಗೆದ್ದ ಗೋಡೆಗಳ ಹೊರತು ಏನೂ ಉಳಿದಿರಲಿಲ್ಲ. ಕುದುರೆಲಾಯದಲ್ಲಿ ಹುಲ್ಲು ಹೊದ್ದು ಮಲಗಿದ್ದ ಒಂದು ಕಾರನ್ನು ತೋರಿಸಿ, "ಇದನ್ನ ಇಟ್ಕೋರಿ ವಕೀಲಸಾಬ್" ಅಂದರು. ಇಂಗ್ಲೆಂಡಿನಲ್ಲಿ ಹುಟ್ಟಿದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ತಲೆಯ ಮೇಲೆ ಚಾವಣಿಯಿಲ್ಲದ ಸ್ಪೋರ್ಟ್ಸ್ ಕಾರು. ಒಂದು ಕಾಲಕ್ಕೆ ಕೆಂಪಗಿತ್ತು. ಈಗ ಹಳೆಯ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಅಷ್ಟೇ ಸುಕ್ಕು.

ಮನೆಯಲ್ಲಿ ನಾವು ಮೂವರು. ಕಾರಿನಲ್ಲಿ ಸೀಟು ಎರಡು. ಇದು ಲೆಕ್ಕವಲ್ಲ, ತೀರ್ಪು.

ಚಿಕ್ಕವಳಿದ್ದಾಗ ಒಮ್ಮೆ ಅಪ್ಪ ನನ್ನನ್ನು ಗೊಟಗೋಡಿಯ ಶಿಲ್ಪಗಳ ತೋಟ ನೋಡಲು ಕರೆದುಕೊಂಡು ಹೋದ. ಅವ್ವ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತಳು. ಅಲ್ಲಿ ಸಿಮೆಂಟಿನ ಹೆಂಗಸರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ, ಬಾಯ್ತುಂಬ ನಗುತ್ತ ನಿಂತಿದ್ದರು. ಅಪ್ಪ ಅವರ ಮುಂದೆ ಬಹಳ ಹೊತ್ತು ನಿಂತ. "ನೋಡು ಜಾನು, ಎಷ್ಟು ಜೀವಂತ ಅವ! ನಗಿ ಅಂದ್ರ ಇದು" ಎಂದ. ಮನೆಗೆ ಬಂದು ಅವ್ವನಿಗೂ ಅದನ್ನು ವರ್ಣಿಸಿದ. ಅವ್ವ ಗಂಭೀರವಾಗಿ ಕೇಳಿಸಿಕೊಂಡಳು. ನಾನು ಆಗ ಏನೂ ಅಂದುಕೊಳ್ಳಲಿಲ್ಲ. ಅಂದುಕೊಳ್ಳುವ ವಯಸ್ಸು ಬಂದಾಗ ಅಪ್ಪನೇ ನನಗೆ ವಾದ ಕಲಿಸುತ್ತಿದ್ದ.

ಹೌದು, ನನ್ನ ಗುರು ಅವನೇ. ನಮ್ಮದು ಶಾಸ್ತ್ರಿಗಳ ಮನೆತನ. ಅಜ್ಜ ಮಠದ ಸಭೆಗಳಲ್ಲಿ ವಾಕ್ಯಾರ್ಥಕ್ಕೆ ಕೂಡುತ್ತಿದ್ದ. ವಾಕ್ಯಾರ್ಥವೆಂದರೆ ಶಾಸ್ತ್ರದ ವಾದ, ಮತ್ತು ಅದಕ್ಕೊಂದು ಬಹಳ ಚಂದದ ನಿಯಮವಿದೆ. ಎದುರಾಳಿಯನ್ನು ಖಂಡಿಸುವ ಮೊದಲು ಅವನ ಮತವನ್ನು ನೀವೇ ಹೇಳಬೇಕು. ಅರೆಬರೆಯಾಗಿ ಅಲ್ಲ, "ಹೌದು, ನನ್ನ ಮತ ಇದೇ, ನಾನೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ" ಎಂದು ಅವನು ತಲೆಯಾಡಿಸುವ ಹಾಗೆ. ಅದು ಪೂರ್ವಪಕ್ಷ. ಅದಾದ ಮೇಲೆಯೇ ನಿಮ್ಮ ಸರದಿ. ಟಿವಿಯಲ್ಲಿ ಕಿರುಚುವವರನ್ನು ನೋಡಿದಾಗಲೆಲ್ಲ, ಇಂಥ ನಿಯಮ ಕಂಡುಹಿಡಿದ ಜನದಲ್ಲಿ ಹುಟ್ಟಿದೆನಲ್ಲ ಎಂದು ನನ್ನಂಥ ನಾಸ್ತಿಕಳಿಗೂ ಒಂದಿಷ್ಟು ಹೆಮ್ಮೆಯಾಗುತ್ತದೆ.

ಅಜ್ಜ ಆ ನಿಯಮವನ್ನು ಸಭೆಯಲ್ಲಿ ಇಟ್ಟಿದ್ದ. ಅಪ್ಪ ಅದನ್ನು ಅಡಿಗೆಮನೆಗೆ ತಂದ.

ಅವ್ವನ ತವರು ಹಿರೇಕೆರೂರು. ತಮ್ಮನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಬೇಕು ಎಂದು ಅವಳು ಕೇಳಿದರೆ ಅಪ್ಪ ಬೇಡ ಎನ್ನುತ್ತಿರಲಿಲ್ಲ. ಬೇಡ ಎನ್ನುವುದು ಒರಟರ ಕೆಲಸ. ಪಡಸಾಲೆಯ ಆರಾಮಕುರ್ಚಿಯಲ್ಲಿ ಒರಗಿ, "ಹೋಗು. ಯಾರು ಬ್ಯಾಡ ಅಂದ್ರು? ಆದ್ರ ಮೊದಲ ನನ್ನ ಪಕ್ಷ ಹೇಳು. ನೀ ಈಗ ಯಾಕ ಹೋಗಬಾರದು ಅಂತ ನಾ ಅನ್ಲಿಕ್ಕೆ ಏನೇನು ಕಾರಣ ಅವ?" ಎನ್ನುತ್ತಿದ್ದ.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳುತ್ತಿದ್ದಳು. ಜಾನುಗೆ ಪರೀಕ್ಷೆ. ನಿಮಗೆ ಹೊರಗಿನ ಊಟ ಆಗೂದಿಲ್ಲ. ಮುಂದಿನ ವಾರ ಅಜ್ಜನ ಶ್ರಾದ್ಧ.

"ಇನ್ನೊಂದು ಬಿಟ್ಟಿ."

ಅವ್ವ ಹುಡುಕಿ ಅದನ್ನೂ ಹೇಳುತ್ತಿದ್ದಳು.

"ಭೇಷ್. ಇಷ್ಟೆಲ್ಲ ನಿನಗ ಗೊತ್ತದ. ಗೊತ್ತಿದ್ದೂ ಹೋಗ್ತೀನಿ ಅಂದ್ರ ಹೋಗವಾ, ನಂದೇನೂ ಅಡ್ಡಿ ಇಲ್ಲ."

ಅಷ್ಟರಲ್ಲಿ ಹಿರೇಕೆರೂರಿನ ಬಸ್ಸು ಹೋಗಿರುತ್ತಿತ್ತು. ಅಪ್ಪ ಅವ್ವನ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ, ದನಿಯನ್ನೂ ಎತ್ತಿದವನಲ್ಲ. ಹೀಗಾಗಿ ಅವನ ಮೇಲೆ ಹೊರಿಸಲು ಯಾವ ಕಲಮೂ ಸಿಗುವುದಿಲ್ಲ. ನಾನು ಕಾನೂನು ಓದಿ ಹುಡುಕಿದ್ದೇನೆ. ಇಷ್ಟು ವರ್ಷಗಳಲ್ಲಿ ಅವ್ವ ಅಪ್ಪನ ಪಕ್ಷವನ್ನು ಎಷ್ಟು ಅಚ್ಚುಕಟ್ಟಾಗಿ ಹೇಳಲು ಕಲಿತಳೆಂದರೆ, ಅವಳ ಸ್ವಂತ ಪಕ್ಷ ಯಾವುದೆಂದು ಕೇಳುವ ಹೊತ್ತಿಗೆ ಯಾವಾಗಲೂ ಒಲೆಯ ಮೇಲೆ ಏನೋ ಉಕ್ಕುತ್ತಿರುತ್ತಿತ್ತು.

ಆದರೆ ಅವ್ವನಿಗೆ ಇನ್ನೊಂದು ದಿನಚರಿ ಇತ್ತು. ಅದು ಅಪ್ಪನಿಗೆ ಗೊತ್ತಿರಲಿಲ್ಲ.

ಅಪ್ಪನ ಕಾರು ಹೊರಟು ಹೋದ ಮೇಲೆ ಹಿತ್ತಲ ಬಾಗಿಲು ತೆರೆದುಕೊಳ್ಳುತ್ತಿತ್ತು. ಅವ್ವನನ್ನು ಇಂದಕ್ಕ ಎಂದು ಕರೆಯುವ ಹಿಂದಿನ ಓಣಿಯ ಮಮತಾಜ್ ಖಾಲಾ ಸೆರಗಿನ ಮರೆಯಲ್ಲಿ ಕುರುಕಲು ಖಾರದ ಪೊಟ್ಟಣ ಹಿಡಿದು ಬರುತ್ತಿದ್ದಳು. ಅವ್ವ ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟ ಎಲೆ-ಅಡಿಕೆ ತೆಗೆಯುತ್ತಿದ್ದಳು. ನಮ್ಮೂರಿನ ಎಲೆ ದೇಶದ ತುಂಬ ಬಾಯಿಗಳನ್ನು ಕೆಂಪು ಮಾಡುತ್ತದೆ. ಆದರೆ ಶಾಸ್ತ್ರಿಗಳ ಮನೆಯ ಹೆಂಗಸು ಬಾಯಿ ಕೆಂಪು ಮಾಡಿಕೊಂಡು ಕೂಡುವುದು ಅಪ್ಪನಿಗೆ ಸೇರದು, "ನಾಟಕದವರ ಹಂಗ" ಎನ್ನುತ್ತಿದ್ದ. ಇಬ್ಬರೂ ತೂಗುಮಂಚದ ಮೇಲೆ ಕಾಲು ಮಡಚಿ ಕೂತು ಎಲೆ ಹಾಕುತ್ತಿದ್ದರು. ಆಮೇಲೆ ಅವ್ವ ಶುರು ಮಾಡುತ್ತಿದ್ದಳು.

ಅವ್ವ ನಕಲು ಮಾಡುತ್ತಿದ್ದಳು. ನಾಟಕದವರನ್ನು ನಾನೂ ನೋಡಿದ್ದೇನೆ, ಬಿಡಿ. ಅವ್ವನ ಮುಂದೆ ಅವರು ಏನೂ ಅಲ್ಲ. ಮಂತ್ರ ಹೇಳುತ್ತಲೇ ಕಣ್ಣಿನಿಂದ ದಕ್ಷಿಣೆ ಎಣಿಸುವ ಆಚಾರ್ಯರು. ಬದನೆಕಾಯಿ ತೂಗುವಾಗ ಆಕಾಶ ನೋಡುವ ಕಾಯಿಪಲ್ಲೆಯವಳು. ಮಗಳ ಬಗ್ಗೆ ಹೊಗಳುವಾಗ ಸೊಸೆಯ ಕಡೆ ತಿರುಗುವ ಎದುರುಮನೆಯ ಅಜ್ಜಿ. ಕೊನೆಗೆ, ಖಾಲಾ ಬಹಳ ಕೇಳಿಕೊಂಡ ಮೇಲೆ, ಅಪ್ಪ. ಅಪ್ಪನನ್ನು ಮಾಡುವಾಗ ಅವ್ವ ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಒರಗಿ, ರೆಪ್ಪೆ ಅರ್ಧ ಇಳಿಸಿ, "ಇನ್ನೊಂದು ಬಿಟ್ಟಿ" ಎನ್ನುತ್ತಿದ್ದಳು. ಖಾಲಾ ಎಲೆಯ ರಸ ನೆತ್ತಿಗೇರಿ, "ಯಾ ಅಲ್ಲಾ, ಸಾಕ ಮಾಡ ಇಂದಕ್ಕ, ಸಾಯ್ತೇನಿ" ಎಂದು ಎದೆ ಬಡಿದುಕೊಳ್ಳುತ್ತಿದ್ದಳು.

ಇದಕ್ಕೆಲ್ಲ ಕಾವಲು ಆ ಸೈಲೆನ್ಸರ್.

ತುಕ್ಕು ಹಿಡಿದು ಅಲ್ಲಲ್ಲಿ ತೂತಾದ ಅದು ಒಂದು ವಿಚಿತ್ರ ದನಿ ಮಾಡುತ್ತಿತ್ತು. ಮೂರು ಸಲ ಗುಡುಗಿ ಒಮ್ಮೆ ಕೆಮ್ಮಿದ ಹಾಗೆ. ನಾಲ್ಕೂ ತಾಲೂಕಿನಲ್ಲಿ ಅಂಥ ದನಿ ಇನ್ನೊಂದಿರಲಿಲ್ಲ. ಕಾರು ಊರ ಹೊರಗಿನ ಎಲೆತೋಟಗಳ ತಿರುವಿಗೆ ಬಂದಾಗಲೇ ನಮ್ಮ ತೂಗುಮಂಚಕ್ಕೆ ಕೇಳುತ್ತಿತ್ತು. ಅಲ್ಲಿಂದ ಮನೆಗೆ ಬರುವುದರೊಳಗೆ ಎಲೆ ಉಗುಳಿ, ಬಾಯಿ ಮುಕ್ಕಳಿಸಿ, ತುಟಿ ಒರೆಸಿ, ಖಾಲಾಳನ್ನು ಹಿತ್ತಲಿಂದ ದಾಟಿಸಿ, ಚಹಾಕ್ಕೆ ನೀರಿಡುವಷ್ಟು ಹೊತ್ತು ಸಿಗುತ್ತಿತ್ತು. ಅಪ್ಪ ಒಳಗೆ ಕಾಲಿಡುವಾಗ ಅವ್ವ ಗೊಟಗೋಡಿಯ ವರ್ಣನೆ ಕೇಳಿಸಿಕೊಂಡಳಲ್ಲ, ಆ ಮುಖ ಹಾಕಿಕೊಂಡು ನಿಂತಿರುತ್ತಿದ್ದಳು. ಅಪ್ಪ ತನ್ನ ಹೆಂಡತಿಯ ನಗುವನ್ನು ಎಂದೂ ಕದ್ದವನಲ್ಲ. ಅವನಿಗೆ ಅದು ಎಲ್ಲಿದೆ ಎಂದೇ ಗೊತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ತಡಸದ ಹತ್ತಿರ ರಸ್ತೆಯ ಉಬ್ಬಿಗೆ ಬಡಿದು ಸೈಲೆನ್ಸರ್ ಕಳಚಿ ಬಿತ್ತು. ಅಪ್ಪ ಅದನ್ನು ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು, ಮೇಲೆ ತನ್ನ ಕರಿಕೋಟು ಹೊದಿಸಿ ಮನೆಗೆ ತಂದ. ಅವ್ವ ಆ ಸೀಟಿನಲ್ಲಿ ಕೂತದ್ದು ನನಗೆ ನೆನಪಿಲ್ಲ. ಆ ದಿನ ಬರಿ ಪೈಪಿನ ಗಾಡಿ ಎಷ್ಟು ಅಬ್ಬರಿಸಿತೆಂದರೆ ಅಪ್ಪ ಶಿಗ್ಗಾಂವಿ ದಾಟಿದ್ದೇ ನಮಗೆ ಕೇಳಿತು ಎಂದು ಖಾಲಾ ಇವತ್ತಿಗೂ ಹೇಳುತ್ತಾಳೆ. ಅವಳ ಮಾತಿಗೆ ಸಾಕ್ಷಿ ಕೇಳಬಾರದು.

ಹೊಸ ಸೈಲೆನ್ಸರ್ ಯಾವುದು ಹಾಕಿಸಬೇಕು ಎಂಬುದು ನಮ್ಮ ಮನೆಯಲ್ಲಿ ಸುಮ್ಮನೆ ತೀರ್ಮಾನವಾಗುವ ವಿಷಯವಲ್ಲ. ಅಪ್ಪ ನನ್ನನ್ನು ಕರೆದು, "ಜಾನು, ನೀ ಎಲ್ಲಾ ಕಡೆ ಕೇಳು. ಯಾವುದು ಯಾಕ, ಯಾವುದು ಯಾಕ ಬ್ಯಾಡ. ರವಿವಾರ ವಾದ ಇಟ್ಕೊಳ್ಳೋಣ" ಎಂದ. ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಕೆಲಸ ಸಿಕ್ಕಿತು. ಖುಷಿಯಾಗಿಯೇ ಹೊರಟೆ.

ಅಸಲಿ ಸಾಮಾನು ಬೇಕೆಂದರೆ ಇಂಗ್ಲೆಂಡಿನಿಂದ ತರಿಸಬೇಕು. ಅದರ ಬೆಲೆ ಕೇಳಿ ಫೋನು ಇಟ್ಟೆ. ಆ ಹಣಕ್ಕೆ ನಮ್ಮೂರಿನಲ್ಲಿ ಇನ್ನೊಂದು ಗಾಡಿಯೇ ಬರುತ್ತಿತ್ತು, ಹೆಚ್ಚಿನ ಸೀಟುಗಳ ಸಮೇತ. ಎರಡನೆಯದು ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸ್ಟೀಲಿನಿಂದ ಮಾಡಿಸುವುದು. ಬೆಲೆ ಕೈಗೆಟುಕುವಂಥದ್ದೇ, ಸ್ವಲ್ಪ ಹಿಮ್ಮಡಿ ಎತ್ತಬೇಕಿತ್ತು. ಮೂರನೆಯದು ಶಿಗ್ಗಾಂವಿಯ ಹೆದ್ದಾರಿ ಪಕ್ಕದ ಗ್ಯಾರೇಜಿನ ಬಸಣ್ಣನ ಸಲಹೆ.

ಬಸಣ್ಣ ಯಾವ ಗಾಡಿ ಕಂಡರೂ ಅದರ ಮಾಲಕನನ್ನು ಬೈದು ಕೆಲಸ ಶುರು ಮಾಡುವ ಮನುಷ್ಯ. ಕಾರಿನ ಕೆಳಗಿನಿಂದಲೇ ಕೂಗಿದ: "ವಕೀಲ್ರಿಗೆ ಕಾರ ಬ್ಯಾರೇ ಸಿಗಲಿಲ್ಲನ್ರಿ? ಇದು ಕಾರಲ್ಲ, ಓತಿಕ್ಯಾತ. ಸಣ್ಣ ಗೂಡ್ಸ್ ಟೆಂಪೊ ಬರ್ತಾವಲ್ರಿ, ಪೆಟ್ರೋಲಿನವು, ಅದರ ಡಬ್ಬಿ ಕಟ್ ಮಾಡಿ ಬೆಸಗಿ ಹಾಕ್ತೇನಿ. ಅಗ್ಗ ಆಕ್ಕೈತಿ."

"ತಡಕೋತದೇನು?"

"ತಡಕೋತೈತೇನಂದ್ರ? ನಿಮ್ಮ ಸವಣೂರಿನ ಎಲಿ ಗಾಡಿಗೋಳಿಗೆಲ್ಲ ನಾನ ಹಾಕೇನಿ. ಹೋಗಿ ಕೇಳ್ರಿ, ಒಬ್ಬಾಂವರೆ ಬೈತಾನೇನು ನೋಡ್ರಿ."

"ಸಪ್ಪಳ?"

"ಇರ್ತೈತಿ. ಗಂಡಸರ ಗಾಡಿ ಸಪ್ಪಳ ಮಾಡ್ಲಿಲ್ಲಂದ್ರ ಹೆಂಗ್ರಿ?"

ಅಪ್ಪನ ಒಲವು ಹುಬ್ಬಳ್ಳಿಯ ಕಡೆಗಿತ್ತು. ಹಿರೇಕೆರೂರಿಗೆ ಹೊಸದಾಗಿ ಬಂದ ಜಡ್ಜ್ ಒಬ್ಬರು, ಅಪ್ಪ ಕೋರ್ಟಿನ ಆವರಣಕ್ಕೆ ಬಂದಾಗ ಕಾರಿನ ಸಪ್ಪಳಕ್ಕೆ ಸಾಕ್ಷಿಯ ಮಾತು ಕೇಳದಂತಾಗಿ, "ವಕೀಲರಿಗಿಂತ ಮುಂಚೆ ಅವರ ವಾದ ಬಂತು" ಎಂದಿದ್ದರಂತೆ. ಎಲ್ಲರೂ ನಕ್ಕಿದ್ದರು. ಅಪ್ಪನಿಗೆ ನಗಿಸುವುದೂ ಬಾರದು, ನಗಿಸಿಕೊಳ್ಳುವುದೂ ಬಾರದು. ಅವನಿಗೆ ಈಗ ಸಪ್ಪಳವಿಲ್ಲದ ಕಾರು ಬೇಕಿತ್ತು.

ಆ ಮಧ್ಯಾಹ್ನ ತೂಗುಮಂಚದ ಸಭೆಗೆ ನಾನು ಇದನ್ನೆಲ್ಲ ವರದಿ ಮಾಡಿದೆ. "ಹುಬ್ಬಳ್ಳಿಯವರದು ಭಾರಿ ಅದ ಅವ್ವಾ. ಗಾಡಿ ಬಾಗಲಕ್ಕ ಬಂದು ನಿಂತ್ರೂ ಗೊತ್ತಾಗೂದಿಲ್ಲಂತ."

ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳ ಬೆರಳು ಅಲ್ಲೇ ನಿಂತಿತು.

"ತಿರುವಿನ್ಯಾಗ ಕೇಳೂದಿಲ್ಲೇನು?"

"ತಿರುವಿನ್ಯಾಗೆಲ್ಲಿಂದ? ಬಾಗಲದಾಗೂ ಕೇಳೂದಿಲ್ಲ."

ಖಾಲಾ ಖಾರದ ಪೊಟ್ಟಣ ಮಡಚಿದಳು. "ಹಂಗಾರ ಹಿತ್ತಲ ಬಾಗಲಕ್ಕ ಕೀಲಿ ಹಾಕಿಬಿಡ ಇಂದಕ್ಕ. ನಾ ಇನ್ನ ನಿಮ್ಮ ಓಣ್ಯಾಗ ಸತ್ತವರಿದ್ರ ಅಷ್ಟ ಬರ್ತೇನಿ."

ಅವ್ವ ನಗಲಿಲ್ಲ. ಸುಣ್ಣ ಹಚ್ಚಿದ ಎಲೆಯನ್ನು ಮಡಚದೆ ತಟ್ಟೆಯಲ್ಲಿಟ್ಟಳು. "ಏನರೆ ಮಾಡಲಿಕ್ಕೆ ಬರ್ತದೇನು ಜಾನು?" ಎಂದಳು. ನನ್ನ ಅವ್ವ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಕಪ್ಪುಗಳೆಲ್ಲ ಈ ದಿನಕ್ಕಾಗಿಯೇ ಇದ್ದವು ಅನಿಸಿತು.

ರವಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ವಾದ. ಅಪ್ಪ ಆರಾಮಕುರ್ಚಿಯಲ್ಲಿ, ನಾನು ಜಮಖಾನೆಯ ಮೇಲೆ, ಅವ್ವ ಅಡಿಗೆಮನೆಯ ಬಾಗಿಲ ಹಿಂದೆ ಅವರೆಕಾಯಿ ಸುಲಿಯುತ್ತ. ನಾನು ಪೂರ್ವಪಕ್ಷ ಹೇಳಿದೆ. ಸಪ್ಪಳವೆಂದರೆ ಬಡತನ, ಬೆಲೆಯುಳ್ಳ ಯಂತ್ರ ಮೆತ್ತಗೆ ಮಾತಾಡುತ್ತದೆ, ಹಳೆಯ ಕಾರಿಗೆ ಟೆಂಪೊದ ಡಬ್ಬಿ ಹಾಕುವುದು ಪಂಡಿತನ ಹೆಗಲಿಗೆ ಗೋಣಿಚೀಲ ಹೊದಿಸಿದಂತೆ, ಇವತ್ತು ಉಳಿಸಿದ ಹಣ ನಾಳೆ ಮರ್ಯಾದೆಯಲ್ಲಿ ಹೋಗುತ್ತದೆ.

ಅಪ್ಪ ಕಣ್ಣು ಮುಚ್ಚಿ ಕೇಳಿದ. "ಇದ. ಇದ ನನ್ನ ಪಕ್ಷ. ಗೋಣಿಚೀಲದ ಮಾತು ನನಗೂ ಹೊಳದಿದ್ದಿಲ್ಲ. ಹಂ, ಖಂಡಿಸು."

ನಾನು ಖರ್ಚಿನಿಂದ ಶುರು ಮಾಡಿದೆ. ಅಪ್ಪ ಹುಬ್ಬು ಹಾರಿಸಲಿಲ್ಲ. ಬಾಳಿಕೆಯ ಮಾತೆತ್ತಿದೆ. "ಊರಿನ ಎಲಿ ಗಾಡಿಗೆಲ್ಲ ಅದನ್ನ ಹಾಕ್ಯಾರ ಅಪ್ಪಾ, ಒಂದೂ ಹಾಳಾಗಿಲ್ಲ" ಎಂದು ಬಸಣ್ಣನ ಸಾಕ್ಷ್ಯವನ್ನು ಹೆಮ್ಮೆಯಿಂದ ಮುಂದಿಟ್ಟೆ. ಅಪ್ಪ ಆಕಳಿಸಿದ. ಆಗ ಕೊನೆಯ ಅಸ್ತ್ರ ತೆಗೆದೆ.

"ಹಾನಗಲ್ ಕೋರ್ಟಿನ ಮುಂದ ಕಕ್ಷಿದಾರರು ನಿಮ್ಮ ದಾರಿ ಕಾಯ್ಕೋತ ನಿಂತಿರ್ತಾರ. ದೂರದಾಗ ಸಪ್ಪಳ ಕೇಳಿದ ಕೂಡಲೆ 'ಸಾಹೇಬ್ರು ಬಂದ್ರು' ಅಂತ ಬೀಡಿ ಆರಿಸಿ ಸರಿಯಾಗಿ ನಿಲ್ತಾರ. ಎದುರಿನ ವಕೀಲರ ಮಾರಿ ಸಣ್ಣಗಾಗ್ತದ. ನಾಳೆ ನೀವು ಬೆಕ್ಕಿನಗತೆ ಬಂದು ಇಳದ್ರ ಯಾರು ತಿರುಗಿ ನೋಡ್ತಾರ?"

"ಬೆಕ್ಕಿನಗತೆ!" ಅಪ್ಪ ಕಣ್ಣು ತೆರೆದ.

"ಮತ್ತ? ಜಡ್ಜ್ ಆದವರು ಬದಲಿ ಆಗಿ ಹೋಗ್ತಾರ. ಕಕ್ಷಿದಾರರು ಇಲ್ಲೇ ಇರ್ತಾರ."

ಅಪ್ಪ ಮೀಸೆಯಿಲ್ಲದ ತುಟಿಯ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಬೆನ್ನು ತಟ್ಟಿ, "ಟೆಂಪೊದ್ದ ಹಾಕಸು" ಎಂದ. ಬಾಗಿಲ ಹಿಂದೆ ಅವರೆಕಾಯಿಯ ಬುಟ್ಟಿ ಸದ್ದಿಲ್ಲದೆ ಒಳಗೆ ಹೋಯಿತು. ಆ ದಿನ ನನ್ನ ತಟ್ಟೆಗೆ ಬಿದ್ದ ತುಪ್ಪದಲ್ಲಿ ಅನ್ನ ತೇಲುತ್ತಿತ್ತು.

ಇದ್ದ ಒಂದೇ ನಿಜವಾದ ಕಾರಣವನ್ನು ಬಿಟ್ಟು, ಉಳಿದದ್ದನ್ನೆಲ್ಲ ಹೇಳಿ ಗೆದ್ದಿದ್ದೆ. ಚರ್ಚಾಸ್ಪರ್ಧೆಗೆ ಹೋಗಿ ಬಂದವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ.

ಬಸಣ್ಣ ಬೆಸುಗೆ ಹಾಕಿ ಕೊಟ್ಟ. ಮೊದಲ ಸಂಜೆ ಅಪ್ಪ ಹಾನಗಲ್ಲಿನಿಂದ ಬರುವಾಗ ತಿರುವಿನಲ್ಲೇ ದನಿ ಕೇಳಿತು: ಕೆಮ್ಮು ಇಲ್ಲ, ಒಂದೇ ಸಮ ಭರ್ರೆನ್ನುವ ಗಟ್ಟಿ ದನಿ. ಅವ್ವ ನನ್ನ ಕಡೆ ನೋಡಿ ತುಟಿ ಒರೆಸಿಕೊಂಡಳು. ಖಾಲಾ ಹಿತ್ತಲಿನಿಂದ ಹೋಗುತ್ತ ನನ್ನ ಗದ್ದ ಹಿಡಿದು, "ನನ್ನ ವಕೀಲೆ!" ಎಂದಳು.

ಮರುದಿನ ಅಪ್ಪ ಕೋರ್ಟಿಗೆ ಹೋಗಿ ಇನ್ನೂ ಸ್ವಲ್ಪವೇ ಹೊತ್ತಾಗಿತ್ತು. ತಿರುವಿನಲ್ಲಿ ಭರ್ರೆಂದಿತು. ಅವ್ವ ಎಲೆ ಉಗುಳಿ ಎದ್ದಳು, ಖಾಲಾ ಓಡಿದಳು, ಚಹಾದ ನೀರು ಒಲೆಗೇರಿತು. ಮನೆ ಮುಂದೆ ಬಂದದ್ದು ಎಲೆಯ ಪೆಂಡಿ ಹೊತ್ತ ಟೆಂಪೊ. ಅದು ದಾಟಿ ಹೋಯಿತು. ಖಾಲಾ ಮರಳಿ ಬಂದಳು. ಎಲೆ ಮಡಚಿ ಬಾಯಿಗಿಡುವಷ್ಟರಲ್ಲಿ ಇನ್ನೊಂದು ಭರ್ರೆಂದಿತು.

ನೀವು ಸವಣೂರಿಗೆ ಬಂದಿದ್ದರೆ ಗೊತ್ತಿರುತ್ತದೆ: ತೋಟದಿಂದ ಪೇಟೆಗೆ ಎಲೆ ಸಾಗಿಸುವ ಗಾಡಿಗಳಿಗೆ ಹೊತ್ತುಗೊತ್ತಿಲ್ಲ, ಮತ್ತು ಅವಕ್ಕೆಲ್ಲ ನಮ್ಮ ಮನೆಯ ಮುಂದಿನದೇ ದಾರಿ. ಅವುಗಳಲ್ಲಿ ಒಂದಕ್ಕೂ ಬಸಣ್ಣನ ಡಬ್ಬಿ ತಪ್ಪಿರಲಿಲ್ಲ. ಆ ಮಾತನ್ನು ಅವನು ನನಗೆ ಹೇಳಿದ್ದ. ನಾನು ಅದನ್ನು ಕೇಳಿಸಿಕೊಂಡಿದ್ದೆ, ಬಾಳಿಕೆಗೆ ಪುರಾವೆ ಎಂದು ಸಭೆಯ ಮುಂದೆ ಇಟ್ಟಿದ್ದೆ ಕೂಡ. ಎದುರಾಳಿಯ ವಾದದಲ್ಲಿ ಸೂಜಿಯಷ್ಟು ತೂತು ಹುಡುಕುವವಳಿಗೆ, ನನ್ನ ವಾದದಲ್ಲಿ ಎಲೆ ಗಾಡಿಗಳ ಸಾಲೇ ದಾಟಿ ಹೋದದ್ದು ಕಾಣಲಿಲ್ಲ. ಮೊದಲು ಅಪ್ಪ ದಿನಕ್ಕೆ ಒಮ್ಮೆ ಮನೆಗೆ ಬರುತ್ತಿದ್ದ. ಈಗ ದಿನವಿಡೀ ಬರತೊಡಗಿದ.

ಅವ್ವನಿಗೆ ದನಿಯ ವ್ಯತ್ಯಾಸ ಕಲಿಸಲು ಕೂತೆ. "ಟೆಂಪೊ ಗೇರ್ ಬದಲಿಸೋ ಮುಂದ ಅಳತದ, ಅಪ್ಪನ ಗಾಡಿ ಅಳೂದಿಲ್ಲ, ಕೇಳು."

"ಎರಡೂ ನನಗ ಒಂದೇ ಕೇಳ್ತಾವವ್ವಾ. ಎದಿ ಧಸಕ್ ಅಂದ ಮ್ಯಾಲ ಕಿವಿ ಕೇಳ್ತದೇನು?"

ಬಸಣ್ಣನ ಬಳಿ ಹೋಗಿ ದನಿ ಬದಲಿಸಲು ಬರುತ್ತದೆಯೇ ಎಂದು ಕೇಳಿದೆ. "ದನಿ ಬ್ಯಾರೆ ಬೇಕಂದ್ರ ಹಾರ್ನ್ ಬದಲಿ ಮಾಡಸ್ರಿ" ಎಂದು ನಕ್ಕ. ಅಪ್ಪನನ್ನೇ ಕೇಳಬಹುದಿತ್ತು. ಆದರೆ ತೀರ್ಮಾನವಾದ ವಾದವನ್ನು ಮತ್ತೆ ತೆರೆಯಬೇಕಾದರೆ ಹೊಸ ಕಾರಣ ಬೇಕು. ನನ್ನ ಬಳಿ ಇದ್ದ ಹೊಸ ಕಾರಣವನ್ನು ಹೇಳುವುದೆಂದರೆ ಹಿಟ್ಟಿನ ಡಬ್ಬಿಯ ಹಿಂದಿನ ಎಲೆಯನ್ನೂ, ಹಿತ್ತಲ ಬಾಗಿಲನ್ನೂ, ಅವ್ವನ ಅರ್ಧ ಮುಚ್ಚಿದ ರೆಪ್ಪೆಯನ್ನೂ ಪಡಸಾಲೆಗೆ ತಂದು ಅಪ್ಪನ ಮುಂದೆ ಹರವುವುದು.

ಏಳುವುದು, ಕೂಡುವುದು, ಮತ್ತೆ ಏಳುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ದಣಿದಳು. ಒಂದು ದಿನ ಮಧ್ಯಾಹ್ನ ತಿರುವಿನಲ್ಲಿ ದನಿ ಕೇಳಿದಾಗ ಖಾಲಾ ಸೆರಗು ಸರಿಮಾಡಿಕೊಂಡು, "ಏಳ, ಬಂದ್ರು" ಎಂದಳು.

"ಎಲಿ ಗಾಡಿ. ಕುಂಡರು" ಎಂದಳು ಅವ್ವ.

"ಸಾಹೇಬರ ಇದ್ರ?"

"ಇದ್ರ ಇರವಲ್ರ್ಯಾಕ. ನನ್ನ ಕೈಲೆ ಆಗೂದಿಲ್ಲ."

ಬಾಯಿ ತುಂಬ ಎಲೆ ಇಟ್ಟುಕೊಂಡು ಅವ್ವ ತೂಗುಮಂಚದಲ್ಲಿ ಒರಗಿ, ರೆಪ್ಪೆ ಇಳಿಸಿದಳು. "ಖಾಲಾ, ಮೊದಲ ನನ್ನ ಪಕ್ಷ ಹೇಳು." ಖಾಲಾ ಹೊಟ್ಟೆ ಹಿಡಿದುಕೊಂಡಳು. ಅವ್ವ ಬೆರಳೆತ್ತಿ, ನಗು ತಡೆಯಲಾರದೆ ತಾನೇ ಕಿಸಕ್ಕನೆ ಒಡೆದು, "ಇನ್ನೊಂದು ಬಿಟ್ಟಿ..."

ನಡುಮನೆಯ ಬಾಗಿಲಲ್ಲಿ ಅಪ್ಪ ನಿಂತಿದ್ದ. ಕೈಯಲ್ಲಿ ಬ್ಯಾಗು, ಹೆಗಲ ಮೇಲೆ ಕೋಟು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಖಾಲಾ ಎದ್ದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹಿತ್ತಲು ದಾಟಿದಳು. ಅವ್ವ ಏಳಲಿಲ್ಲ. ಬಾಯಲ್ಲಿ ಎಲೆಯಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಅವಳು ಅಗಿದಳು. ನಿಧಾನವಾಗಿ, ಅಪ್ಪನನ್ನೇ ನೋಡುತ್ತ, ಕೊನೆಯವರೆಗೂ ಅಗಿದಳು. ನಾಲ್ಕು ಕೋರ್ಟುಗಳಲ್ಲಿ ಮಾತಾಡುವ ಮನುಷ್ಯ ಅವಳು ಮುಗಿಸುವವರೆಗೆ ಕಾದು ನಿಂತ.

"ನನ್ನ ಗಾಡಿ ಸಪ್ಪಳ ಕೇಳಲಿಲ್ಲೇನು?" ಎಂದ ಕೊನೆಗೆ.

"ಕೇಳ್ತು" ಎಂದಳು ಅವ್ವ.

ಅಪ್ಪ ಅವಳ ಕೆಂಪು ಬಾಯಿಯನ್ನು ನೋಡಿದ. ಗೊಟಗೋಡಿಯಲ್ಲಿ ನಿಂತಂತೆ ನಿಂತು ನೋಡಿದ. ನಗುವ ಹೆಂಡತಿಯನ್ನು ಅವನು ಮೊದಲ ಸಲ ಕಂಡದ್ದು ಅವಳ ನಗು ನಿಂತ ಮೇಲೆ. ಆಮೇಲೆ ಒಳಗೆ ಹೋಗಿ ಕೈಕಾಲು ತೊಳೆದುಕೊಂಡ.

ಮುಂದಿನ ವಾರ ಅವನೇ ಹುಬ್ಬಳ್ಳಿಗೆ ಹೋಗಿ ಸ್ಟೀಲಿನ ಸೈಲೆನ್ಸರ್ ಹಾಕಿಸಿಕೊಂಡು ಬಂದ. ಯಾಕೆ ಎಂದು ನಾನು ಕೇಳಲಿಲ್ಲ, ಅವನು ವಾದಕ್ಕೆ ಕರೆಯಲಿಲ್ಲ. ಬಹಳ ಒಳ್ಳೆಯ ಕೆಲಸ. ಕಾರು ಈಗ ನೆರಳಿನ ಹಾಗೆ ಬರುತ್ತದೆ. ಅಪ್ಪ ಕೆಲವೊಮ್ಮೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲಲ್ಲಿ ನಿಂತಿರುತ್ತಾನೆ. ಹಿಡಿಯಲು ಬರುತ್ತಾನೋ, ಇನ್ನೊಮ್ಮೆ ಕಾಣಲು ಬರುತ್ತಾನೋ, ಅವನ ಪಕ್ಷವನ್ನು ಹೇಳುವ ಶಕ್ತಿ ನನಗಿಲ್ಲ. ಎಲೆಯ ತಟ್ಟೆ ಈಗ ಮುಚ್ಚಿಡುವುದಿಲ್ಲ, ಮುಂದಿನ ಕಟ್ಟೆಯ ಮೇಲೆ ಎಲ್ಲರ ಕಣ್ಣೆದುರಿಗೆ ಇರುತ್ತದೆ. ಅವ್ವ ಅಲ್ಲೇ ಕೂತು ಎಲೆ ಹಾಕುತ್ತಾಳೆ, ಅಪ್ಪ ಬಂದರೂ ಏಳುವುದಿಲ್ಲ. ಅವನೇ ಅವಳನ್ನು ಬಳಸಿಕೊಂಡು ಒಳಗೆ ಹೋಗುತ್ತಾನೆ. ಇದನ್ನು ಗೆಲುವು ಎಂದು ಸಾಧಿಸಿ ಬಹುಮಾನ ತರಬಲ್ಲೆ. ಆದರೆ ಖಾಲಾ ಮುಂದಿನ ಬಾಗಿಲಿನಿಂದ ಬರುವವಳಲ್ಲ.

ನಿನ್ನೆ ಅಪ್ಪ ಹಿರೇಕೆರೂರಿಗೆ ಹೋಗಿದ್ದ. ಸಂಜೆಯವರೆಗೆ ಬರುವಂತಿರಲಿಲ್ಲ. ಅವ್ವ ಒಬ್ಬಳೇ ಕಟ್ಟೆಯ ಮೇಲೆ ಕೂತು ಎಲೆಯ ತೊಟ್ಟು ಮುರಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, "ಅವ್ವಾ, ಆಚಾರ್ಯರು ದಕ್ಷಿಣಿ ಎಣಿಸೂದು ಒಮ್ಮೆ ಮಾಡಿ ತೋರಿಸು" ಎಂದೆ.

ಅವಳ ಕಣ್ಣಿನಲ್ಲಿ ಆಚಾರ್ಯರು ಅರೆಗಳಿಗೆ ಬಂದರು. ಆಮೇಲೆ ಅವಳು ಓಣಿಯ ಈ ತುದಿ ನೋಡಿದಳು, ಆ ತುದಿ ನೋಡಿದಳು. ಬಿಸಿಲಲ್ಲಿ ಒಂದು ನಾಯಿಯೂ ಇರಲಿಲ್ಲ.

"ಸುಮ್ನಿರು, ಬಂದು ನಿಂತಿದ್ರ?" ಎಂದಳು.